ರಿಜೈನಾ ಪ್ಯಾಟ್ಸ್ ತಂಡದ ಚರಿತ್ರೆಯನ್ನು ಕನ್ನಡದಲ್ಲಿ ಬರೆದ ಬಗೆ: ನನ್ನ ಅನುಭವ

ಕೆನಡಾದ ಸಸ್ಕಾಚೆವನ್ ಪ್ರಾಂತ್ಯದ ರಾಜಧಾನಿಯಾದ ರಿಜೈನಾದಲ್ಲಿ ನಾನು ನೆಲೆಸಿ ಹಲವು ವರ್ಷಗಳಾದವು. ಒಂದು ಚಳಿಗಾಲದಲ್ಲಿ ತುಮಕೂರಿನಿಂದ ಬಂದಿದ್ದ ಅಮ್ಮನನ್ನು ಇಲ್ಲಿನ ಬ್ರಾಂಡ್ಟ್ ಸೆಂಟರ್ ಕ್ರೀಡಾಂಗಣಕ್ಕೆ ಕರೆದೊಯ್ದು, ಪ್ಯಾಟ್ಸ್ ತಂಡದ ಐಸ್ ಹಾಕಿ ಪಂದ್ಯವೊಂದನ್ನು ತೋರಿಸಿದೆ. ಆಟದ ನಿಯಮಗಳ ಬಗ್ಗೆ ಅವರು ಏನನ್ನೂ ಕೇಳಲಿಲ್ಲ. ಅವರು ಕೇಳಿದ್ದು ಬೇರೆಯೇ: "ಈ ಹುಡುಗರಿಗೆ ಇನ್ನೂ ಮೀಸೆಯೇ ಸರಿಯಾಗಿ ಬಂದಿಲ್ಲವಲ್ಲೋ, ಇವರ ಅಪ್ಪ ಅಮ್ಮ ಎಲ್ಲಿದ್ದಾರೆ? ರಾತ್ರಿ ಯಾರ ಮನೆಯಲ್ಲಿ ಉಣ್ಣುತ್ತಾರೆ?" ಇದು ಜೂನಿಯರ್ ತಂಡ, ಹೆಚ್ಚಿನವರು ಹದಿನಾರರಿಂದ ಇಪ್ಪತ್ತರೊಳಗಿನವರು, ಬೇರೆ ಊರುಗಳಿಂದ ಬಂದವರನ್ನು ಈ ಊರಿನ ಕುಟುಂಬಗಳೇ ತಮ್ಮ ಮನೆಗಳಲ್ಲಿ ಇಟ್ಟುಕೊಂಡು ಊಟ ಹಾಕುತ್ತವೆ ಎಂದು ನಾನು ವಿವರಿಸಿದೆ. "ಹಾಗಾದರೆ ವಾರಾನ್ನ ಇದ್ದ ಹಾಗೆ ಅನ್ನು. ನಿಮ್ಮ ತಾತ ಮೈಸೂರಿನಲ್ಲಿ ಓದಿದ್ದು ಹಾಗೇ ಕಣೋ" ಎಂದರು ಅಮ್ಮ. ಅಲ್ಲಿಯವರೆಗೆ ಅಂಕಿ ಅಂಶಗಳ ಹವ್ಯಾಸವಾಗಿದ್ದ ನನ್ನ ಕೆಲಸವು ಆ ಮಾತಿನಿಂದ ಕನ್ನಡದ ಪುಸ್ತಿಕೆಯಾಗಿ ಬೆಳೆಯಿತು.

ಆರಂಭದಲ್ಲಿ ನಾನು ಹಿಡಿದ ದಾರಿ ಸರಿಯಿರಲಿಲ್ಲ. ಮುಂದೆ ಎನ್‌ಎಚ್‌ಎಲ್ (ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಐಸ್ ಹಾಕಿ ಲೀಗ್) ಸೇರಿ ಹೆಸರು ಮಾಡಿದ ಆಟಗಾರರ ಪಟ್ಟಿಯನ್ನು ಮಾಡಿಕೊಂಡು, ಒಬ್ಬೊಬ್ಬರ ಮೇಲೆ ಒಂದೊಂದು ಪುಟ ಬರೆಯುತ್ತಾ ಹೋದೆ. ಹತ್ತು ಪುಟಗಳಾದ ಮೇಲೆ ಓದಿ ನೋಡಿದರೆ, ಪ್ರತಿ ಪುಟವೂ ಆ ಹುಡುಗ ರಿಜೈನಾ ಬಿಟ್ಟು ಹೋದ ನಂತರದ ಕಥೆಯಾಗಿತ್ತು. ಜೂನಿಯರ್ ತಂಡದಲ್ಲಿ ಯಾರೂ ನಾಲ್ಕೈದು ವರ್ಷಕ್ಕಿಂತ ಹೆಚ್ಚು ಕಾಲ ಉಳಿಯುವುದಿಲ್ಲ. ಆಟಗಾರರು ಪೂರ್ತಿಯಾಗಿ ಬದಲಾಗುತ್ತಲೇ ಇರುವಾಗ ಉಳಿಯುವುದು ಹೆಸರು, ಊರು, ಹಿಮದಂಗಳ ಮತ್ತು ನೋಡುವ ಜನ. ಆದ್ದರಿಂದ ಆ ಪುಟಗಳನ್ನು ಬದಿಗಿಟ್ಟು, ದೊಡ್ಡ ಕಾಗದದಲ್ಲಿ ಗೆರೆ ಎಳೆದು, ಋತು, ತಂಡ ಆಡಿದ ಹೆಸರು, ಲೀಗ್, ಆಡಿದ ಸ್ಥಳ, ತರಬೇತುದಾರ, ಕೊನೆಯ ಪಂದ್ಯ ಎಂಬ ಅಂಕಣಗಳನ್ನು ಮಾಡಿಕೊಂಡು ಮತ್ತೆ ಮೊದಲಿನಿಂದ ಆರಂಭಿಸಿದೆ.

ಹೆಸರಿನ ಅಂಕಣವೇ ನನ್ನನ್ನು ಯುದ್ಧದ ಕಾಲಕ್ಕೆ ಕರೆದೊಯ್ದಿತು. 1914ರಲ್ಲಿ ಮೊದಲ ಮಹಾಯುದ್ಧಕ್ಕಾಗಿ ಕೆನಡಾದಲ್ಲಿ ಕಟ್ಟಿದ ಕಾಲಾಳು ಪಡೆಯೊಂದಕ್ಕೆ ಆಗಿನ ಗವರ್ನರ್ ಜನರಲ್ ಅವರ ಮಗಳಾದ ರಾಜಕುಮಾರಿ ಪ್ಯಾಟ್ರಿಷಿಯಾ ಅವರ ಹೆಸರನ್ನು ಇಡಲಾಗಿತ್ತು. 1917ರಲ್ಲಿ, ಯುದ್ಧ ಇನ್ನೂ ನಡೆಯುತ್ತಿದ್ದಾಗ, ರಿಜೈನಾದಲ್ಲಿ ಹುಟ್ಟಿಕೊಂಡ ಹುಡುಗರ ತಂಡವೊಂದು ಆ ಪಡೆಯ ಹೆಸರನ್ನೇ ತಳೆದು ಪ್ಯಾಟ್ರಿಷಿಯಾ ಹಾಕಿ ಕ್ಲಬ್ ಎನಿಸಿಕೊಂಡಿತು. ಮುಂದೆ ಅದು 'ಪ್ಯಾಟ್ಸ್' ಆಯಿತು. 1919ರಲ್ಲಿ ಹಾಕಿ ಆಡಳಿತಗಾರ ಜೇಮ್ಸ್ ಸದರ್‌ಲ್ಯಾಂಡ್ ಅವರ ಮುಂದಾಳತ್ವದಲ್ಲಿ, ಯುದ್ಧದಲ್ಲಿ ಮಡಿದವರ ನೆನಪಿಗಾಗಿ ಜೂನಿಯರ್ ತಂಡಗಳಿಗೆ ಮೆಮೋರಿಯಲ್ ಕಪ್ ಸ್ಥಾಪನೆಯಾಯಿತು. ಅದರ ಮೊದಲ ಅಂತಿಮ ಹಣಾಹಣಿಯಲ್ಲಿ ಆಡಿದ ಎರಡು ತಂಡಗಳಲ್ಲಿ ನಮ್ಮದೂ ಒಂದು. ಟೊರಾಂಟೊದಲ್ಲಿ ಎರಡು ಪಂದ್ಯಗಳ ಒಟ್ಟು ಗೋಲುಗಳ ಲೆಕ್ಕದಲ್ಲಿ ಆಡಿದ ಆ ಸೆಣಸಾಟದಲ್ಲಿ ಯೂನಿವರ್ಸಿಟಿ ಆಫ್ ಟೊರಾಂಟೊ ಸ್ಕೂಲ್ಸ್ ತಂಡ 29–8ರಿಂದ ಗೆದ್ದಿತು. ಈ ಸೋಲನ್ನು ಒಂದು ಸಾಲಿನಲ್ಲಿ ಮುಗಿಸಲು ನನಗೆ ಮನಸ್ಸು ಬರಲಿಲ್ಲ. ಸೈನಿಕರ ಹೆಸರನ್ನು ಹೊತ್ತ ಹುಡುಗರು ಸೈನಿಕರ ನೆನಪಿನ ಕಪ್ಪಿಗಾಗಿ ಸಾವಿರಾರು ಕಿಲೋಮೀಟರ್ ರೈಲಿನಲ್ಲಿ ಹೋಗಿ ಆಡಿದ್ದು ಈ ಚರಿತ್ರೆಯ ನಿಜವಾದ ಆರಂಭ ಎಂಬುದು ನನ್ನ ಅಭಿಪ್ರಾಯ.

ಹಳೆಯ ಫಲಿತಾಂಶಗಳನ್ನು ನಾನು ನಗರದ ಕೇಂದ್ರ ಗ್ರಂಥಾಲಯದ ಪ್ರೈರಿ ಹಿಸ್ಟರಿ ರೂಮ್‌ನಲ್ಲಿ ಪತ್ರಿಕೆಗಳ ಮೈಕ್ರೋಫಿಲ್ಮ್ ಸುರುಳಿಗಳಿಂದ ಪ್ರತಿ ಮಾಡಿಕೊಂಡೆ. ಇದೇ ಕೆಲಸಕ್ಕೆ ಇಳಿಯುವವರಿಗೆ ಉಪಯೋಗವಾಗಬಹುದಾದ ಎರಡು ಸಂಗತಿಗಳನ್ನು ಇಲ್ಲಿ ಹೇಳುತ್ತೇನೆ. ಐಸ್ ಹಾಕಿಯ ಋತು ಶರತ್ಕಾಲದಲ್ಲಿ ಆರಂಭವಾಗಿ ಮರುವರ್ಷದ ವಸಂತದಲ್ಲಿ ಮುಗಿಯುವುದರಿಂದ, ಕಪ್ ಗೆದ್ದ ವರ್ಷವೂ ಋತು ಆರಂಭವಾದ ವರ್ಷವೂ ಬೇರೆ ಬೇರೆಯಾಗಿರುತ್ತವೆ. ಇದನ್ನು ಗಮನಿಸದೆ ನಾನು ಮೊದಲ ಕೆಲವು ಪುಟಗಳಲ್ಲಿ ಒಂದೇ ವರ್ಷವನ್ನು ಬರೆದುಕೊಂಡು, ತರಬೇತುದಾರರನ್ನೆಲ್ಲ ಒಂದು ವರ್ಷ ಆಚೀಚೆ ಮಾಡಿಬಿಟ್ಟಿದ್ದೆ. ಅದನ್ನು ತಿದ್ದಲು ಮೂರು ವಾರ ಹಿಡಿಯಿತು. ಎರಡನೆಯದು ಹೆಸರುಗಳ ಗೊಂದಲ. ಈ ಊರಿನಲ್ಲಿ ಪ್ಯಾಟ್ ಕೆನೇಡಿಯನ್ಸ್ ಎಂಬ, ಇನ್ನೂ ಕಿರಿಯ ವಯಸ್ಸಿನವರ ತಂಡವೂ ಇದೆ. ಒಬ್ಬ ಹುಡುಗ ಅಲ್ಲಿ ಹೊಡೆದ ಗೋಲುಗಳನ್ನು ನಾನು ಪ್ಯಾಟ್ಸ್ ಖಾತೆಗೆ ಸೇರಿಸಿದ್ದೆ. ಅಂದಿನಿಂದ ಪ್ರತಿಯೊಂದು ಸಂಖ್ಯೆಯನ್ನೂ ಎರಡು ಕಡೆ ನೋಡದೆ ಕಾಗದಕ್ಕೆ ಇಳಿಸುವುದಿಲ್ಲ ಎಂಬ ನಿಯಮವನ್ನು ಹಾಕಿಕೊಂಡೆ.

ನನ್ನನ್ನು ಅತಿ ಹೆಚ್ಚು ಕಾಡಿದ ಸಾಲು 1927–28ರದು. ಪ್ಯಾಟ್ಸ್ ತಂಡ 1925ರಲ್ಲಿ ಟೊರಾಂಟೊದ ಔರಾ ಲೀ ತಂಡವನ್ನು ಸೋಲಿಸಿ ಮೊದಲ ಬಾರಿಗೆ ಮೆಮೋರಿಯಲ್ ಕಪ್ ಗೆದ್ದಿತು. 1930ರಲ್ಲಿ ಮತ್ತೆ ಗೆದ್ದಿತು. ಇವೆರಡರ ನಡುವೆ 1928ರಲ್ಲಿ ಕಪ್ ರಿಜೈನಾಕ್ಕೇ ಬಂದರೂ ಗೆದ್ದವರ ಪಟ್ಟಿಯಲ್ಲಿರುವ ಹೆಸರು ರಿಜೈನಾ ಮೊನಾರ್ಕ್ಸ್. ಆ ದಿನಗಳಲ್ಲಿ ಎರಡು ತಂಡಗಳೂ ಒಂದಾಗಿ, ಕೊನೆಗೆ ಪ್ಯಾಟ್ಸ್ ಎಂಬ ಹೆಸರೇ ಉಳಿಯಿತು. ಹೀಗಾಗಿ 1974ರ ಗೆಲುವನ್ನೂ ಸೇರಿಸಿದರೆ ತಂಡಕ್ಕೆ ಕಪ್ ಬಂದದ್ದು ಮೂರು ಬಾರಿಯೋ ನಾಲ್ಕು ಬಾರಿಯೋ ಎಂಬುದು ಎಣಿಸುವವರ ಮೇಲೆ ನಿಂತಿದೆ. ತಂಡ ತನ್ನದೆಂದು ಹೇಳಿಕೊಳ್ಳುವುದು ನಾಲ್ಕನ್ನು. ನಮ್ಮಲ್ಲಿ ದತ್ತು ಹೋದ ಮಗನ ಹೆಸರನ್ನು ವಂಶವೃಕ್ಷದ ಯಾವ ಕೊಂಬೆಯಲ್ಲಿ ಬರೆಯಬೇಕು ಎಂದು ಹಿರಿಯರು ಚರ್ಚಿಸುವುದನ್ನು ಕೇಳಿದವರಿಗೆ ಈ ತೊಡಕು ಹೊಸದಲ್ಲ. ನಾನು ಮೂರು ವಿಧದಲ್ಲಿ ಬರೆದು ನೋಡಿ, ಕೊನೆಗೆ ಗೆಲುವನ್ನು ಪ್ಯಾಟ್ಸ್ ಚರಿತ್ರೆಯ ಒಳಗೇ ಇಟ್ಟು, 'ಆಡಿದ ಹೆಸರು' ಎಂಬ ಅಂಕಣದಲ್ಲಿ ಮೊನಾರ್ಕ್ಸ್ ಎಂದೇ ನಮೂದಿಸಿದೆ. ಆ ಹುಡುಗರು ತೊಟ್ಟ ಅಂಗಿಯ ಹೆಸರನ್ನು ಅಳಿಸುವ ಹಕ್ಕು ನಂತರ ಬಂದ ನಮಗೆ ಇಲ್ಲ ಎಂದು ನನಗೆ ಅನಿಸಿತು.

1974ರ ಬಗ್ಗೆ ಬರೆಯುವುದು ಸುಲಭವಾಗಿತ್ತು. ಬಾಬ್ ಟರ್ನರ್ ಅವರ ತರಬೇತಿಯಲ್ಲಿ ಡೆನಿಸ್ ಸೊಬ್‌ಚುಕ್, ಕ್ಲಾರ್ಕ್ ಗಿಲೀಸ್, ಗ್ರೆಗ್ ಜೋಲಿ ಮೊದಲಾದವರಿದ್ದ ತಂಡ ಕ್ಯಾಲ್ಗರಿಯಲ್ಲಿ ಕ್ವಿಬೆಕ್ ರೆಂಪಾರ್ಟ್ಸ್ ವಿರುದ್ಧ 7–4ರಿಂದ ಗೆದ್ದದ್ದು ಎಲ್ಲೆಡೆ ದಾಖಲಾಗಿದೆ. ನಾನು ಹೆಚ್ಚು ಪುಟ ಕೊಟ್ಟದ್ದು 1950ರ ದಶಕಕ್ಕೆ. 1950, 1952, 1955, 1956 ಮತ್ತು 1958ರಲ್ಲಿ ತಂಡ ಐದು ಬಾರಿ ಅಂತಿಮ ಸುತ್ತನ್ನು ತಲುಪಿ ಐದು ಬಾರಿಯೂ ಸೋತಿತು. ಎನ್‌ಎಚ್‌ಎಲ್ ಕ್ಲಬ್ಬುಗಳು ಜೂನಿಯರ್ ತಂಡಗಳನ್ನು ಪೋಷಿಸಿ, ಅಲ್ಲಿನ ಹುಡುಗರ ಮೇಲೆ ಹಕ್ಕು ಇಟ್ಟುಕೊಳ್ಳುತ್ತಿದ್ದ ಕಾಲವದು. ಪ್ಯಾಟ್ಸ್ ಮಾಂಟ್ರಿಯಲ್ ಕೆನೇಡಿಯನ್ಸ್ ಆಶ್ರಯದಲ್ಲಿತ್ತು. 1958ರಲ್ಲಿ ಅದನ್ನು ಸೋಲಿಸಿದ ಒಟ್ಟಾವಾ-ಹಲ್ ಕೆನೇಡಿಯನ್ಸ್ ಕೂಡ ಅದೇ ಮಾಂಟ್ರಿಯಲ್ ಕ್ಲಬ್ಬಿನ ತಂಡವಾಗಿತ್ತು. ಆ ವರ್ಷದ ಪ್ಯಾಟ್ಸ್‌ನಲ್ಲಿದ್ದ ಬಿಲ್ ಹಿಕಿ, ಟೆರ್ರಿ ಹಾರ್ಪರ್, ರೆಡ್ ಬೆರೆನ್ಸನ್ ಮೂವರೂ ಇದೇ ಊರಿನಲ್ಲಿ ಹುಟ್ಟಿದವರು, ಮೂವರೂ ಮುಂದೆ ಮಾಂಟ್ರಿಯಲ್‌ಗೆ ಆಡಿದರು. ಒಂದೇ ಯಜಮಾನನ ಎರಡು ಮನೆಗಳ ಮಕ್ಕಳು ಎದುರು ಬದುರಾಗಿ ಆಡಿದ ಈ ಪಂದ್ಯವು ಆ ವ್ಯವಸ್ಥೆಯನ್ನು ಯಾವ ವಿವರಣೆಗಿಂತಲೂ ಸ್ಪಷ್ಟವಾಗಿ ತೋರಿಸುತ್ತದೆ.

1986–87ರ ಸಾಲನ್ನು ತುಂಬುವುದು ಎಲ್ಲಕ್ಕಿಂತ ಕಷ್ಟವಾಯಿತು. 1986ರ ಡಿಸೆಂಬರ್ 30ರಂದು ಪ್ಯಾಟ್ಸ್ ವಿರುದ್ಧ ಆಡಲು ರಿಜೈನಾಕ್ಕೆ ಹೊರಟಿದ್ದ ಸ್ವಿಫ್ಟ್ ಕರೆಂಟ್ ಬ್ರಾಂಕೋಸ್ ತಂಡದ ಬಸ್ಸು ತನ್ನ ಊರಿನ ಹೊರಗೇ ಹೆಪ್ಪುಗಟ್ಟಿದ ರಸ್ತೆಯಲ್ಲಿ ಉರುಳಿ ನಾಲ್ವರು ಆಟಗಾರರು ತೀರಿಕೊಂಡರು. ಅಂದು ಪಂದ್ಯ ನಡೆಯಲಿಲ್ಲವಾದ್ದರಿಂದ ನನ್ನ ಅಂಕಣಗಳಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಆದರೆ ಅದನ್ನು ಬಿಟ್ಟು ಆ ವರ್ಷದ ಚರಿತ್ರೆ ಬರೆಯಲು ಸಾಧ್ಯವಿಲ್ಲ. ಎರಡು ತಿಂಗಳ ನಂತರ, 1987ರ ಮಾರ್ಚ್ 1ರಂದು, ಮೂಸ್ ಜಾ ವಾರಿಯರ್ಸ್ ವಿರುದ್ಧದ ಪಂದ್ಯದಲ್ಲಿ ಪ್ಯಾಟ್ಸ್‌ನ ಬ್ರಾಡ್ ಹೋರ್ನಂಗ್ ಅಂಗಳದ ಹಲಗೆಗೆ ಬಿದ್ದು ಕುತ್ತಿಗೆಯ ಮೂಳೆ ಮುರಿದು, ಮತ್ತೆಂದೂ ನಡೆಯಲಾರದಂತಾದರು. ಅವರ 8ನೇ ಸಂಖ್ಯೆಯನ್ನು ತಂಡ ಬೇರೆ ಯಾರಿಗೂ ಕೊಟ್ಟಿಲ್ಲ. ಲೀಗ್‌ನ ಅತ್ಯುತ್ತಮ ಕ್ರೀಡಾಮನೋಭಾವದ ಪ್ರಶಸ್ತಿಗೆ ಅವರ ಹೆಸರಿದೆ. ಅವರು 2022ರಲ್ಲಿ ನಿಧನರಾದರು. ಈ ಎರಡು ಸಂಗತಿಗಳಿಗಾಗಿ ಅಂಕಣಗಳ ಗೆರೆಗಳನ್ನು ತೆಗೆದು, ಆ ಒಂದು ಋತುವಿಗೆ ಮಾತ್ರ ಪೂರ್ಣ ಪುಟವನ್ನು ಗದ್ಯದಲ್ಲಿ ಬರೆದೆ.

ಇತ್ತೀಚಿನ ವರ್ಷಗಳನ್ನು ಬೇಗ ಮುಗಿಸಿದೆ. 2022–23ರಲ್ಲಿ ಕಾನರ್ ಬೆಡಾರ್ಡ್ 57 ಪಂದ್ಯಗಳಲ್ಲಿ 71 ಗೋಲು ಸೇರಿದಂತೆ 143 ಅಂಕ (ಹೊಡೆದ ಗೋಲು, ನೆರವಾದ ಗೋಲು ಎರಡೂ ಸೇರಿ) ಗಳಿಸಿದ್ದು, ಮರು ಬೇಸಿಗೆಯಲ್ಲಿ ಶಿಕಾಗೋ ತಂಡ ಅವನನ್ನು, ಎನ್‌ಎಚ್‌ಎಲ್ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, ಎಲ್ಲರಿಗಿಂತ ಮೊದಲು ಆರಿಸಿಕೊಂಡದ್ದು ಇಲ್ಲಿನ ಶಾಲೆಯ ಮಕ್ಕಳಿಗೂ ಗೊತ್ತು. ಆ ವರ್ಷ ಪ್ಯಾಟ್ಸ್ ಲೀಗ್ ಪಂದ್ಯಗಳ ನಂತರದ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಸಾಸ್ಕಟೂನ್‌ಗೆ ಸೋತಿತು ಎಂಬುದನ್ನೂ ಅದೇ ಸಾಲಿನಲ್ಲಿ ಬರೆದಿದ್ದೇನೆ.

ಪದಗಳ ವಿಷಯದಲ್ಲಿ ನಾನು ಹಟ ಮಾಡಲಿಲ್ಲ. ಪಕ್ (ಆಡುವ ರಬ್ಬರ್ ಬಿಲ್ಲೆ), ಗೋಲಿ (ಗೋಲು ಕಾಯುವವ), ಡ್ರಾಫ್ಟ್, ಲೀಗ್ ಇವೆಲ್ಲ ಹಾಗೆಯೇ ಉಳಿದವು. ಆಟಗಾರರನ್ನು ಮನೆಯಲ್ಲಿ ಇಟ್ಟುಕೊಳ್ಳುವ ಏರ್ಪಾಡಿಗೆ ಇಲ್ಲಿ ಹೇಳುವ ಬಿಲೆಟ್ ಎಂಬ ಪದಕ್ಕೆ ಮಾತ್ರ ಅಮ್ಮನ ವಾರಾನ್ನವನ್ನು ಬಳಸಬೇಕೆಂದು ಆಸೆಪಟ್ಟಿದ್ದೆ. ಆದರೆ ವಾರಾನ್ನದ ಹುಡುಗ ದಿನಕ್ಕೊಂದು ಮನೆಯಲ್ಲಿ ಉಣ್ಣುತ್ತಿದ್ದ. ಬಿಲೆಟ್ ಹುಡುಗ ಇಡೀ ಋತು ಒಂದೇ ಮನೆಯಲ್ಲಿ ಇರುತ್ತಾನೆ, ಆ ಮನೆಗೆ ತಂಡದಿಂದ ಒಂದಿಷ್ಟು ಹಣವೂ ಸಲ್ಲುತ್ತದೆ. ಆದ್ದರಿಂದ 'ಬಿಲೆಟ್ ಮನೆ' ಎಂದೇ ಬರೆದು, ವಾರಾನ್ನದ ಹೋಲಿಕೆಯನ್ನು ಅಮ್ಮನ ಮಾತಿನಲ್ಲಿಯೇ ಮುನ್ನುಡಿಗೆ ಸೇರಿಸಿದೆ.

ಪುಸ್ತಿಕೆಯ ಪ್ರತಿ ತುಮಕೂರಿಗೆ ತಲುಪಿದ ಮೇಲೆ ಅಮ್ಮ ಫೋನು ಮಾಡಿ, "ಎಲ್ಲಾ ಚೆನ್ನಾಗಿದೆ, ಆದರೆ ಊಟ ಹಾಕಿದವರ ಹೆಸರು ಒಂದೂ ಇಲ್ಲವಲ್ಲೋ" ಎಂದರು. ಅವರು ಹೇಳಿದ್ದು ನಿಜವಾಗಿತ್ತು. ಈಗ ಎರಡನೆಯ ಮುದ್ರಣಕ್ಕಾಗಿ ನನ್ನ ಕಾಗದದಲ್ಲಿ ಏಳನೆಯ ಅಂಕಣವನ್ನು ಎಳೆದಿದ್ದೇನೆ. ಹುಡುಗರನ್ನು ಇಟ್ಟುಕೊಂಡಿದ್ದ ಕುಟುಂಬಗಳನ್ನು ಒಂದೊಂದಾಗಿ ಕಂಡು, ಅವರ ಒಪ್ಪಿಗೆ ಪಡೆದು, ಯಾವ ವರ್ಷ ಯಾರು ಇದ್ದರು, ಎಷ್ಟು ಹೊತ್ತಿಗೆ ಅಭ್ಯಾಸಕ್ಕೆ ಹೊರಡುತ್ತಿದ್ದರು, ಏನನ್ನು ಇಷ್ಟಪಟ್ಟು ತಿನ್ನುತ್ತಿದ್ದರು ಎಂದು ಬರೆದುಕೊಳ್ಳುತ್ತಿದ್ದೇನೆ. ಇದುವರೆಗೆ ಹನ್ನೊಂದು ಮನೆಗಳಾಗಿವೆ.