ಜಲನಿರೋಧಕ ಪೆಟ್ಟಿಗೆಯ ರಬ್ಬರ್ ಪಟ್ಟಿ ಬದಲಿಸುವ ಕ್ರಮ

ಗಣೇಶಗುಡಿಯ ರಭಸದ ನೀರಿನಲ್ಲಾಗಲಿ, ಸದಾಶಿವಗಡದ ಬಳಿ ಕಾಳಿ ನದಿ ಸಮುದ್ರ ಸೇರುವೆಡೆಯ ಉಪ್ಪುನೀರಿನಲ್ಲಾಗಲಿ, ದೋಣಿಯಲ್ಲಿ ಒಯ್ಯುವ ಔಷಧ, ಮೊಬೈಲುಗಳನ್ನು ಕಾಪಾಡುವುದು ಪೆಟ್ಟಿಗೆಯ ಮುಚ್ಚಳದಂಚಿನ ರಬ್ಬರ್ ಪಟ್ಟಿಯೇ. ಅದು ಚಪ್ಪಟೆಯಾಗಿದ್ದರೆ ಅಥವಾ ಬಿರುಕುಬಿಟ್ಟಿದ್ದರೆ ಬದಲಿಸಲೇಬೇಕು.

ಹಳೆಯ ಪಟ್ಟಿಯನ್ನು ಕಿತ್ತು, ಅದು ಕೂರುವ ಸಂದಿನಲ್ಲಿ ಸೇರಿದ ಮರಳು, ಉಪ್ಪು, ಅಂಟಿನ ಚೂರುಗಳನ್ನು ಮರದ ಕಡ್ಡಿಯಿಂದ ಕೆರೆದು, ಸಿಹಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿರಿ. ಕರಾವಳಿಯ ಮಳೆಗಾಲದಲ್ಲಿ ಇದಕ್ಕೆ ಒಂದಿಡೀ ದಿನ ಬಿಡುವುದು ಒಳ್ಳೆಯದು. ಹೊಸ ಪಟ್ಟಿಯ ದಪ್ಪವು ಹಳೆಯದರ ಒತ್ತಿಹೋಗದ ಭಾಗಕ್ಕೆ ಸಮನಾಗಿರಲಿ. ಅದನ್ನು ಹಿಗ್ಗಿಸದೆ ಕೂರಿಸಬೇಕು, ಏಕೆಂದರೆ ಹಿಗ್ಗಿಸಿದ ರಬ್ಬರ್ ಕ್ರಮೇಣ ಕುಗ್ಗಿ, ಅದರ ಎರಡು ತುದಿಗಳು ಕೂಡುವ ಜೋಡಣೆಯಲ್ಲಿ ಬಾಯಿಬಿಡುತ್ತದೆ. ಜೋಡಣೆಯು ಮೂಲೆಯಲ್ಲಿ ಬರಬಾರದು. ತೆಂಗಿನೆಣ್ಣೆ ಸವರಬೇಡಿರಿ, ಎಣ್ಣೆಯಿಂದ ಹಲವು ಬಗೆಯ ರಬ್ಬರ್ ಉಬ್ಬುತ್ತದೆ.

ಕೊನೆಗೆ ಒಣ ಕಾಗದವಿಟ್ಟು ಮುಚ್ಚಿ, ಪೆಟ್ಟಿಗೆಯನ್ನು ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿ, ಹೊರಭಾಗವನ್ನು ಒರೆಸಿದ ಬಳಿಕವೇ ತೆರೆದು ನೋಡಿರಿ.