ಚುಚ್ಚುಮದ್ದು ಪಡೆದ ಹಸುವಿನ ಹಾಲನ್ನು ಏನು ಮಾಡಬೇಕು?

ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಪಶುವೈದ್ಯನಾಗಿ ನಾನು ಹೆಚ್ಚಾಗಿ ಚಿಕಿತ್ಸೆ ನೀಡುವುದು ಮಿಶ್ರತಳಿ ಹಸುಗಳ ಕೆಚ್ಚಲು ಬಾವಿಗೆ. ಇದಕ್ಕೆ ನಮ್ಮಲ್ಲಿ ಧಾರಾಳವಾಗಿ ಬಳಸುವ ಸೆಫ್ಟ್ರಿಯಾಕ್ಸೋನ್, ತೀವ್ರ ಸೋಂಕಿನಿಂದ ಆಸ್ಪತ್ರೆ ಸೇರಿದ ಮನುಷ್ಯರಿಗೂ ಕೊಡುವ ಪ್ರತಿಜೀವಕ (ಆಂಟಿಬಯೋಟಿಕ್) ಔಷಧಿ. ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಕೊಟ್ಟಿಗೆಯಲ್ಲಿ ಹೆಚ್ಚಿದರೆ ತೊಂದರೆ ಹಸುವಿಗಷ್ಟೇ ಅಲ್ಲ.

ಚಿಕಿತ್ಸೆ ಪಡೆದ ಹಸುವಿನ ಹಾಲನ್ನು ಡೈರಿಗೆ ಹಾಕಬಾರದೆಂದು ರೈತರು ಬಲ್ಲರು. ಆದರೆ ಚೆಲ್ಲಲು ಮನಸ್ಸು ಬಾರದೆ ಕರುವಿಗೆ ಕುಡಿಸುತ್ತಾರೆ. ನಾವು ಅತಿ ಹೆಚ್ಚು ಕಡೆಗಣಿಸಿರುವುದು ಇದನ್ನೇ ಎಂಬುದು ನನ್ನ ಅಭಿಪ್ರಾಯ. ಹಾಲಿನಲ್ಲಿ ಉಳಿದ ಅಲ್ಪಸ್ವಲ್ಪ ಔಷಧಿಯು ಕರುವಿನ ಕರುಳಿನಲ್ಲಿರುವ ದುರ್ಬಲ ಬ್ಯಾಕ್ಟೀರಿಯಾಗಳನ್ನು ಕೊಂದು, ನಿರೋಧವಿರುವ ಇ. ಕೋಲಿಯಂಥವು ಬೆಳೆಯಲು ಜಾಗ ಮಾಡಿಕೊಡುತ್ತದೆ. ಅವು ಸಗಣಿಯೊಂದಿಗೆ ಹೊರಬಿದ್ದು, ಬರಿಗೈಯಲ್ಲಿ ಕೊಟ್ಟಿಗೆ ಬಳಿಯುವವರ ಕೈಗೂ, ತಿಪ್ಪೆಯ ಮೂಲಕ ಸೊಪ್ಪಿನ ಮಡಿಗೂ ಸೇರಬಲ್ಲವು. ನಿರೋಧದ ಜೀನ್ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದಲ್ಲಿದ್ದರೆ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟುತ್ತದೆ. ಬೇರೆ ಪ್ರತಿಜೀವಕಗಳು ಕೆಲಸ ಮಾಡದಾಗ ರೋಗಿಗಳಿಗೆ ಕೊನೆಯ ಅಸ್ತ್ರವಾಗಿ ಕೊಡುವ ಕೊಲಿಸ್ಟಿನ್‌ಗೆ ನಿರೋಧ ನೀಡುವ ಇಂಥದೇ ಜೀನ್ ಚೀನಾದ ಹಂದಿಗಳಲ್ಲಿಯೂ ರೋಗಿಗಳಲ್ಲಿಯೂ ಇರುವುದು 2015ರಲ್ಲಿ ವರದಿಯಾಯಿತು; ಭಾರತವು 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಆ ಔಷಧಿಯನ್ನು ನಿಷೇಧಿಸಿತು.

ನಾನು ಈಗ ಮೊದಲು ನಾಲ್ಕೂ ತೊಟ್ಟುಗಳ ಹಾಲನ್ನು ಬೇರೆ ಬೇರೆಯಾಗಿ ಕೆಚ್ಚಲು ಬಾವು ಪತ್ತೆಹಚ್ಚುವ ಸಿಎಂಟಿ (ಕ್ಯಾಲಿಫೋರ್ನಿಯಾ ಮ್ಯಾಸ್ಟೈಟಿಸ್ ಟೆಸ್ಟ್) ದ್ರಾವಣದೊಂದಿಗೆ ಬೆರೆಸಿ, ಯಾವುದು ಲೋಳೆಗಟ್ಟುತ್ತದೆಂದು ನೋಡುತ್ತೇನೆ. ಹಸುವಿಗೆ ಜ್ವರವಿಲ್ಲದೆ, ಮೇವು ಬಿಡದೆ, ಬಾವು ಸೌಮ್ಯವಾಗಿದ್ದರೆ ಆ ತೊಟ್ಟನ್ನು ಪದೇ ಪದೇ ಹಿಂಡಿಸಿ, ಊತ ಇಳಿಸುವ ಔಷಧಿ ಕೊಟ್ಟು, ಮರುದಿನ ಮತ್ತೆ ಪರೀಕ್ಷಿಸುತ್ತೇನೆ. ಪ್ರತಿಜೀವಕ ಅನಿವಾರ್ಯವಾದಾಗ, ಚುಚ್ಚುವ ಮೊದಲೇ ತೊಟ್ಟನ್ನು ಸ್ಪಿರಿಟ್‌ನಿಂದ ಒರೆಸಿ ಹಾಲಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತೇನೆ. ವರದಿಯಲ್ಲಿ ಪೆನಿಸಿಲಿನ್ ಸಾಕೆಂದಿದ್ದರೆ ಸೆಫ್ಟ್ರಿಯಾಕ್ಸೋನ್ ಮುಟ್ಟುವುದಿಲ್ಲ.

ಹಾಲನ್ನು ಎಷ್ಟು ದಿನ ಬಿಡಬೇಕೆಂಬುದನ್ನು ಔಷಧಿಯ ಲೇಬಲ್ ನೋಡಿ ಕೊಟ್ಟಿಗೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಬರುತ್ತೇನೆ. ಲೇಬಲ್‌ನಲ್ಲಿ ಅವಧಿ ಇಲ್ಲದಿದ್ದರೆ ನಮ್ಮ ಔಷಧ ನಿಯಮದ ಪ್ರಕಾರ ಕನಿಷ್ಠ 7 ದಿನ. "ಕಾಯಿಸಿ ಕುಡಿಸಿದರೆ ಆಗಲ್ವಾ ಸಾರ್?" ಎಂದು ಹಲವು ತಾಯಂದಿರು ಕೇಳುತ್ತಾರೆ. ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಔಷಧಿಯ ಅಂಶ ಪೂರ್ತಿ ಹೋಗುವುದಿಲ್ಲ. ಕರುವಿಗೆ ಆರೋಗ್ಯವಾದ ಬೇರೆ ಹಸುವಿನ ಹಾಲು ಕೊಡಿಸಿ, ಈ ಹಾಲನ್ನು ಬಾವಿ ಮತ್ತು ತಿಪ್ಪೆಯಿಂದ ದೂರದ ಗುಂಡಿಗೆ ಸುರಿಸುತ್ತೇನೆ. ಒಂದೇ ಹಸುವಿರುವ ಮನೆಗೆ ಇದು ದೊಡ್ಡ ನಷ್ಟ. ಆದ್ದರಿಂದ ಅದರ ಒಂದು ಪಾಲನ್ನು ಹಾಲು ಉತ್ಪಾದಕರ ಸಂಘಗಳು ಭರಿಸಲಿ ಎಂದು ಸಭೆಗಳಲ್ಲಿ ಕೇಳುತ್ತಾ ಬಂದಿದ್ದೇನೆ.