ಹವಾಮಾನ ಸೇವೆಯ ಮಾಹಿತಿಯನ್ನು ಎಸ್‌ಕ್ಯೂಲೈಟ್‌ನಲ್ಲಿ ಉಳಿಸಿಕೊಳ್ಳುವ ಬಗೆ

ಓಪನ್-ಮೀಟಿಯೊದಂತಹ ಹವಾಮಾನ ಸೇವೆಯಿಂದ ಗಂಟೆಗಂಟೆಯ ತಾಪಮಾನವನ್ನು ಪಡೆದು ನಮ್ಮ ಕಂಪ್ಯೂಟರಿನಲ್ಲೇ ಇಟ್ಟುಕೊಂಡರೆ, ಸಂಪರ್ಕ ಕಡಿದಾಗಲೂ ಅದು ಕೈಗೆ ಸಿಗುತ್ತದೆ. ಒಂದೇ ವಿಷಯಕ್ಕಾಗಿ ಸರ್ವರನ್ನು ಪದೇ ಪದೇ ಕೇಳಬೇಕಾಗುವುದೂ ಇಲ್ಲ. ಇದಕ್ಕೆ ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಡುವ ಪುಟ್ಟ ಡೇಟಾಬೇಸ್ ಎಸ್‌ಕ್ಯೂಲೈಟ್ ಧಾರಾಳವಾಗಿ ಸಾಕು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅದನ್ನು ಬಳಸುವ ಮಾಡ್ಯೂಲ್ ಮೊದಲೇ ಇರುತ್ತದೆ.

ಸ್ಥಳ, ಸಮಯ, ತಾಪಮಾನ, ಮಾಹಿತಿ ಪಡೆದ ಹೊತ್ತು ಎಂಬ ನಾಲ್ಕು ಕಾಲಂಗಳ ಟೇಬಲ್ ರಚಿಸಿ, ಸ್ಥಳ ಮತ್ತು ಸಮಯವನ್ನು ಜೊತೆಗೂಡಿಸಿ ಪ್ರೈಮರಿ ಕೀ (ಪ್ರತಿ ಸಾಲನ್ನೂ ಪ್ರತ್ಯೇಕವಾಗಿ ಗುರುತಿಸುವ, ಎರಡು ಸಲ ಬರಲಾಗದ ಮೌಲ್ಯ) ಮಾಡಿ. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಜೀವಾಳ ಇದೇ. ಮುನ್ಸೂಚನೆ ಬದಲಾಗುತ್ತಲೇ ಇರುವುದರಿಂದ, ಕೀ ಇಲ್ಲದಿದ್ದರೆ ಪ್ರತಿ ಸಲವೂ ಅದೇ ಗಂಟೆಗೆ ಇನ್ನೊಂದು ಸಾಲು ಸೇರಿ ಯಾವುದು ಸರಿಯೆಂದು ತಿಳಿಯದಾಗುತ್ತದೆ. ಕೀ ಇದ್ದರೆ, ಎಸ್‌ಕ್ಯೂಲೈಟ್‌ನ 2018ರ 3.24ನೇ ಆವೃತ್ತಿಯಿಂದ ಲಭ್ಯವಿರುವ ‘ಅಪ್‌ಸರ್ಟ್’ (ಸಾಲು ಇಲ್ಲದಿದ್ದರೆ ಸೇರಿಸುವ, ಇದ್ದರೆ ತಿದ್ದುವ ಸೌಲಭ್ಯ) ಬಳಸಿ ಹಳೆಯ ಸಾಲನ್ನೇ ತಿದ್ದಬಹುದು.

ಸರ್ವರಿಗೆ ಕಳಿಸುವ ವಿನಂತಿಗೆ ಟೈಮ್‌ಔಟ್ (ಎಷ್ಟು ಹೊತ್ತು ಕಾಯಬೇಕೆಂಬ ಮಿತಿ) ನಿಗದಿಪಡಿಸಿ, ಯಶಸ್ಸನ್ನು ಸೂಚಿಸುವ ಸ್ಟೇಟಸ್ ಕೋಡ್ 200 ಬಂದರೆ ಮಾತ್ರ ಮುಂದುವರಿಯಿರಿ. ಜೇಸನ್ ಎಂಬ ಪಠ್ಯರೂಪದ ಉತ್ತರದಲ್ಲಿ ಸಮಯಗಳೂ ತಾಪಮಾನಗಳೂ ಬೇರೆ ಬೇರೆ ಪಟ್ಟಿಗಳಾಗಿ ಬರುವುದರಿಂದ, ಅವುಗಳ ಉದ್ದ ಒಂದೇ ಇದೆಯೇ ಎಂದು ನೋಡಿ ಜೋಡಿ ಮಾಡಬೇಕು. ಟೈಮ್‌ಝೋನ್ ಸೂಚಿಸದಿದ್ದರೆ ಸಮಯ ಜಿಎಂಟಿಯಲ್ಲಿರುತ್ತದೆ; ಅದನ್ನು ಹಾಗೆಯೇ ಉಳಿಸಿ, ತೋರಿಸುವಾಗಷ್ಟೇ ಭಾರತದ ಸಮಯಕ್ಕಾಗಿ ಐದೂವರೆ ಗಂಟೆ ಸೇರಿಸುವುದು ಒಳ್ಳೆಯದು.

ಟೇಬಲ್‌ಗೆ ಬರೆಯುವಾಗ ಮೌಲ್ಯಗಳನ್ನು ಎಸ್‌ಕ್ಯೂಎಲ್ (ಡೇಟಾಬೇಸಿಗೆ ಆಜ್ಞೆ ಕೊಡುವ ಭಾಷೆ) ವಾಕ್ಯದೊಳಗೆ ನೇರವಾಗಿ ಅಂಟಿಸದೆ, ಅವುಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟು ಬೇರೆಯಾಗಿ ಕೊಡಿ. ಎಲ್ಲ ಸಾಲುಗಳನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಪೂರ್ತಿ ನಡೆಯುವ, ಇಲ್ಲವೇ ಏನೂ ನಡೆಯದ ಕೆಲಸಗಳ ಗುಂಪಿನಲ್ಲಿ) ಸೇರಿಸಿದರೆ, ನಡುವೆ ದೋಷ ಎದುರಾದರೂ ಅರೆಬರೆ ಮಾಹಿತಿ ಉಳಿಯುವುದಿಲ್ಲ.